ದುಂಡು ಅರ್ಜಿ

ನಮ್ಮ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಹದಿನಾಲ್ಕು ಸ್ಟೀಲಿನ ತಾಟುಗಳಿವೆ. ಒಂದರ ಮೇಲೂ ನನ್ನ ಹೆಸರಿಲ್ಲ. ಮೂರರ ಮೇಲೆ ನಮ್ಮ ಅತ್ತೆಯವರ ಹೆಸರಿದೆ. ಎರಡರ ಮೇಲೆ ಯಾರದೋ ಗೃಹಪ್ರವೇಶದ ಸವಿನೆನಪು ಎಂದು ಕೆತ್ತಿದೆ. ಆ ಯಾರೋ ಯಾರೆಂದು ಇವತ್ತಿಗೂ ನಮಗೆ ಗೊತ್ತಿಲ್ಲ, ಉಂಡು ಬಂದದ್ದಂತೂ ನಿಜ. ಇನ್ನೊಂದರ ಮೇಲೆ ಚುಕ್ಕೆಚುಕ್ಕೆಯ ಅಕ್ಷರದಲ್ಲಿ ‘ಹುಸೇನ್‌ಬೀ’ ಎಂದಿದೆ. ಪಾರ್ವತಿನಗರದ ಆಚಾರವಂತ ವೈಷ್ಣವರ ಮನೆಯಲ್ಲಿ, ಸಾಲಿಗ್ರಾಮದ ಪೆಟ್ಟಿಗೆಯಿಂದ ನಾಲ್ಕೇ ಮಾರು ದೂರದಲ್ಲಿ, ಈ ತಾಟು ಅಂಗಾತ ಮಲಗಿರುತ್ತದೆ. ನಮ್ಮ ಅತ್ತೆ ಇದ್ದಿದ್ದರೆ ತಾಟನ್ನಲ್ಲ, ನನ್ನನ್ನೇ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ಬೋರಲು ಹಾಕುತ್ತಿದ್ದರು.

ನಿನ್ನೆ ಬೆಳಿಗ್ಗೆ ನಮ್ಮ ಮನೆಯವರಿಗೆ ಅದರಲ್ಲೇ ಒಗ್ಗರಣೆ ಮಂಡಕ್ಕಿ ಕೊಟ್ಟೆ. ತಿಂದು ಮುಗಿಸಿ, ಕನ್ನಡಕ ಏರಿಸಿ, ತಾಟಿನ ಅಂಚನ್ನು ಓದಿ, “ಇದನ್ನ ಇನ್ನೂ ವಾಪಸ್ ಕೊಟ್ಟಿಲ್ಲೇನು ನೀನು?” ಅಂದರು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿದ್ದವರು. ವಾಪಸ್ ಬರದ ವಸ್ತುವಿನ ಬಗ್ಗೆ ಅವರಿಗೆ ಸಹಜವಾಗಿ ಆತಂಕ.

ಕೊಡದೆ ಏನು? ಐದಾರು ಸಲ ಕೊಟ್ಟಿದ್ದೇನೆ. ಆದರೆ ಖಾಲಿ ತಾಟು ಕೊಡಬಾರದಲ್ಲ, ಹೆಸರುಬೇಳೆಯ ಹುಗ್ಗಿ ಹಾಕಿ ಕೊಟ್ಟೆ. ಅವರೂ ಖಾಲಿ ಕಳಿಸಬಾರದಲ್ಲ, ಹಬ್ಬದ ಶ್ಯಾವಿಗೆ ಹಾಕಿ ಕಳಿಸಿದರು. ಹೀಗೆ ಆ ತಾಟು ಹುಸೇನ್‌ಬೀಯ ಕೌಲ್ ಬಜಾರಿಗೂ ನಮ್ಮ ಪಾರ್ವತಿನಗರಕ್ಕೂ ಟೌನ್ ಬಸ್ಸಿನ ಹಾಗೆ ಓಡಾಡುತ್ತಿದೆ. ಯಾವ ದಿನ ಯಾರ ಮನೆಯಲ್ಲಿರುತ್ತದೆ ಎಂಬುದು ಅದರ ಹಣೆಬರಹ. ಆದರೆ ಮೊದಲ ಸಲ ಅದು ನಮ್ಮ ಮನೆಗೆ ಬಂದದ್ದು ಊಟದ ಸಲುವಾಗಿ ಅಲ್ಲ, ನ್ಯಾಯದ ಸಲುವಾಗಿ. ನಗಬೇಡಿ. ನಕ್ಕರೂ ಪರವಾಗಿಲ್ಲ, ಅವತ್ತು ನಾವೂ ನ್ಯಾಯ ಕೇಳಿದ್ದಕ್ಕಿಂತ ನಕ್ಕದ್ದೇ ಹೆಚ್ಚು.

ನಾನು ಕುರುಗೋಡಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿದ್ದೆ. ಇಪ್ಪತ್ತೇಳು ವರ್ಷ ದಿನಾ ಬೆಳಿಗ್ಗೆ ಬಳ್ಳಾರಿಯಿಂದ ಬಸ್ಸು ಹತ್ತಿ ಹೋಗಿದ್ದೇನೆ. ನಮ್ಮ ಬಸ್ಸು ಆ ಕಡೆ ಹೋಗುವಾಗ ಈ ಕಡೆ ಬರುವ ಬಸ್ಸಿನ ತುಂಬಾ ಜೀನ್ಸ್ ಹೊಲಿಯಲು ಬಳ್ಳಾರಿಗೆ ಬರುವ ಹೆಣ್ಣುಮಕ್ಕಳು. ಅವರಲ್ಲಿ ಅರ್ಧಕ್ಕರ್ಧ ನನ್ನ ಶಿಷ್ಯೆಯರೇ. ಕಿಟಕಿಯಿಂದ ಕೈಬೀಸಿ “ಟೀಚರ್‌ರೀ” ಎಂದು ಕೂಗುವರು. ನಾನು ವ್ಯಾಕರಣ ಕಲಿಸಲು ಹೋಗುತ್ತಿದ್ದೆ, ನನ್ನ ಹತ್ತಿರ ವ್ಯಾಕರಣ ಕಲಿತವರು ಪ್ಯಾಂಟಿಗೆ ಜೇಬು ಹಚ್ಚಲು ಬರುತ್ತಿದ್ದರು. ಇದರ ಬಗ್ಗೆ ಆಗ ನಾನು ಹೆಚ್ಚು ಯೋಚಿಸಲಿಲ್ಲ. ಬಸ್ಸಿನಲ್ಲಿ ಸೀಟು ಸಿಗುತ್ತದೋ ಇಲ್ಲವೋ ಎಂಬ ಚಿಂತೆಯೇ ನನಗೆ ಸಾಕಾಗಿತ್ತು.

ಎರಡು ವರ್ಷದ ಹಿಂದೆ ರಿಟೈರಾದೆ. ರಿಟೈರಾದ ಟೀಚರ್ ಊರಿಗೆ ಎಷ್ಟು ಅಪಾಯಕಾರಿ ಎಂಬುದು ನಿಮಗೆ ಗೊತ್ತೇ ಇದೆ. ಹಗಲು ಹೊತ್ತು ಉರಿಯುವ ಬೀದಿದೀಪದ ಬಗ್ಗೆ ಅರ್ಜಿ ಬರೆದೆ. ಬೋರ್ಡಿನಲ್ಲಿ ‘ಶೀಘ್ರ’ ಎಂಬುದನ್ನು ತಪ್ಪಾಗಿ ಬರೆದ ಅಂಗಡಿಗೆ ಹೋಗಿ ತಿದ್ದಿಸಿದೆ. “ಊರ ಚಿಂತಿ ಮಾಡಿ ಮುಲ್ಲಾ ಸೊರಗಿದ್ನಂತ. ನೀನಂತೂ ಸೊರಗೋ ಲಕ್ಷಣ ಕಾಣಂಗಿಲ್ಲ,” ಎಂದು ನಮ್ಮ ಮನೆಯವರು ನನ್ನ ಸೊಂಟದ ಕಡೆ ನೋಡಿ ಹೇಳಿದರು.

ಸೊಂಟದ ಮಾತು ಬಂತಲ್ಲ, ಇಡೀ ಪ್ರಕರಣ ಶುರುವಾದದ್ದೇ ಅವರ ಸೊಂಟದಿಂದ. ಅರವತ್ತಾರನೆಯ ವಯಸ್ಸಿನಲ್ಲಿ ಅವರಿಗೆ ಜೀನ್ಸ್ ಪ್ಯಾಂಟು ಹಾಕಬೇಕು ಅನ್ನಿಸಿತು. ಬಳ್ಳಾರಿಯಲ್ಲಿ ಹುಟ್ಟಿ ಜೀನ್ಸ್ ಹಾಕದೆ ಸತ್ತರೆ ಊರಿಗೇ ಅವಮಾನವಂತೆ. ತಂದರು. ಅದು ಸೊಂಟದಲ್ಲಿ ನಿಲ್ಲದೆ ಜಾರತೊಡಗಿತು. ಅದರ ಸೊಂಟಕ್ಕೆ ಹೊಲಿಗೆ ಹಿಡಿಸಿಕೊಂಡು ಬರೋಣವೆಂದು ನಾನು ಕೌಲ್ ಬಜಾರಿಗೆ ಹೋದೆ. ನನ್ನ ಹಳೆಯ ಶಿಷ್ಯೆ ಶೇಕಮ್ಮ ಅಲ್ಲೊಂದು ಓಣಿಯ ವರ್ಕ್‌ಶಾಪಿನಲ್ಲಿ ಹಿಂದಿನ ಜೇಬು ಹಚ್ಚುತ್ತಾಳೆ. ದಿನಕ್ಕೆ ಎಷ್ಟು ಜೇಬು ಹಚ್ಚುತ್ತೀಯೇ ಎಂದರೆ, “ಎಣಸಂಗಿಲ್ರಿ ಟೀಚರ್, ಎಣಿಸಿದ್ರ ಬೆನ್ನು ನೋಯ್ತೈತಿ,” ಅಂದಳು.

ಹನ್ನೊಂದು ಹೆಂಗಸರು, ಹನ್ನೊಂದು ಮಶೀನು. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಪ್ರತಿ ಮಶೀನಿನ ಪಕ್ಕದಲ್ಲೂ ಒಣಗಿದ ಕರಿಬೇವಿನ ಎಸಳುಗಳು. ನೀಲಿ ದಾರದ ಉಂಡೆಗಳ ನಡುವೆ ಕರಿಬೇವು ಯಾಕೆ? “ಜೀನ್ಸಿಗೂ ಒಗ್ಗರಣಿ ಹಾಕ್ತೀರೇನ್ರೇ?” ಎಂದು ಕೇಳಿದೆ. ಹನ್ನೊಂದು ಮಶೀನೂ ಒಮ್ಮೆಗೇ ನಿಂತವು. ಆಮೇಲೆ ಶುರುವಾದ ನಗು ನಿಲ್ಲಲು ಐದು ನಿಮಿಷ ಹಿಡಿಯಿತು. ಗುಂಡಿಯ ಕಾಜ ಹಾಕುವ ಮಶೀನಿನ ಹುಸೇನ್‌ಬೀ, ಅವರೆಲ್ಲರಲ್ಲಿ ಹಿರಿಯವಳು, ಸೆರಗಿನಿಂದ ಕಣ್ಣೊರೆಸಿಕೊಂಡು ನನಗೆ ತಿಳಿಸಿ ಹೇಳಿದಳು.

ವರ್ಕ್‌ಶಾಪಿನಲ್ಲಿ ಕಕ್ಕಸಿಲ್ಲ. ಹಿಂದಿನ ಓಣಿಯಲ್ಲಿ ಒಬ್ಬ ಅಜ್ಜಿಯ ಮನೆ. ಅವಳ ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ, ಗಿಡದ ಮಗ್ಗುಲಲ್ಲೇ ಕಕ್ಕಸು. ‘ಅಜ್ಜೀ, ನಾಕು ಎಸಳು ಕರಿಬೇವು ಕೊಡು’ ಎಂದು ಒಬ್ಬೊಬ್ಬರೇ ಪಾಳಿಯ ಮೇಲೆ ಹೋಗುವುದು. ಅಜ್ಜಿಗೂ ಗೊತ್ತು, ಇವರಿಗೂ ಗೊತ್ತು, ಓಣಿಗೂ ಗೊತ್ತು. ಆದರೂ ಕೇಳಿದ ಮೇಲೆ ಕಿತ್ತುಕೊಂಡು ಬರದಿದ್ದರೆ ಮರ್ಯಾದೆಯೇ? ಹಾಗಾಗಿ ದಿನಕ್ಕೆ ಹನ್ನೊಂದು ಹೆಂಗಸರು ಎರಡೆರಡು ಸಲ ಕರಿಬೇವು ತಂದು ತಂದು ಗಿಡ ಬೋಳಾಗಿತ್ತು. “ನಮ್ಮ ಮನ್ಯಾಗ ಪಾಯಸಕ್ಕೊಂದು ಕರಿಬೇವು ಹಾಕಿಲ್ಲ ನೋಡ್ರಿ,” ಅಂದಳು ಹುಸೇನ್‌ಬೀ.

ಆ ಅಜ್ಜಿ ಹಿಂದಿನ ತಿಂಗಳು ಮನೆಗೆ ಬೀಗ ಹಾಕಿ ಕುಡತಿನಿಯ ಮಗಳ ಮನೆಗೆ ಹೋಗಿಬಿಟ್ಟಿದ್ದಳು. ನಾನು ನೋಡಿದ ಎಸಳುಗಳು ಕೊನೆಯ ಕಂತಿನವು.

ಹಾಗಂತ ಸರ್ಕಾರ ಕಣ್ಣು ಮುಚ್ಚಿ ಕೂತಿರಲಿಲ್ಲ. ಓಣಿಯ ಮೂಲೆಯಲ್ಲೇ ಹೆಂಗಸರಿಗೊಂದು, ಮಗ್ಗುಲಲ್ಲೇ ಗಂಡಸರಿಗೊಂದು ಸಾರ್ವಜನಿಕ ಶೌಚಾಲಯ ಕಟ್ಟಿಸಿತ್ತು. ಗೋಡೆಗೆ ಆಕಾಶದ ಬಣ್ಣ, ಹೆಂಗಸರ ಬಾಗಿಲ ಮೇಲೆ ನಗುವ ಹೆಣ್ಣಿನ ಚಿತ್ರ, ಪಕ್ಕದಲ್ಲಿ ಉದ್ಘಾಟನೆಯ ಕಲ್ಲು. ಉದ್ಘಾಟನೆಯಾದ ಸಂಜೆ ಎರಡಕ್ಕೂ ಹಾಕಿದ ಬೀಗ ಹಾಗೇ ಇತ್ತು. ಒಳಗೆ ಹೋಗಲಾಗದ ಹೆಂಗಸರ ಎದುರು ಆ ಚಿತ್ರದ ಹೆಣ್ಣು ಮಾತ್ರ ವರ್ಷಗಟ್ಟಲೆ ನಗುತ್ತಾ ನಿಂತಿತ್ತು. ವರ್ಕ್‌ಶಾಪಿನ ಮಾಲೀಕರನ್ನು ಕೇಳಿದರೆ, “ಬಾಜೂಕ ಸರ್ಕಾರದ್ದು ಐತಲ್ಲ, ನಾನ್ಯಾಕ ಕಟ್ಟಿಸ್ಲಿ?” ಅನ್ನುತ್ತಿದ್ದರು. ಕಾಗದದ ಮೇಲೆ ಅವರು ಹೇಳಿದ್ದು ಸರಿಯೇ.

ಇಷ್ಟು ಹೊತ್ತೂ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ ಶೇಕಮ್ಮ ಜೇಬಿಗೆ ಹೊಲಿಗೆ ಹಾಕುತ್ತಲೇ, “ನಾನಂತೂ ಈ ತಿಂಗಳ ಕಡಿಗೆ ಕೆಲಸ ಬಿಡ್ತೀನ್ರಿ ಟೀಚರ್,” ಅಂದಳು. ಮೊದಲೇ ಅವಳು ನೀರು ಕುಡಿಯುವುದು ಕಡಿಮೆ. ಅಜ್ಜಿ ಹೋದಾಗಿನಿಂದಂತೂ ಬೆಳಿಗ್ಗೆ ಆರರ ಬಸ್ಸು ಹತ್ತಿದರೆ ಸಂಜೆ ಏಳಕ್ಕೆ ಕುರುಗೋಡು ಮುಟ್ಟುವವರೆಗೂ ನೀರು ಕುಡಿಯುತ್ತಿರಲಿಲ್ಲ. ನಮ್ಮ ಬಳ್ಳಾರಿಯ ಬಿಸಿಲಲ್ಲಿ, ತಗಡಿನ ಕೆಳಗೆ, ಹನಿ ನೀರಿಲ್ಲದೆ. ಮೂತ್ರಪಿಂಡದಲ್ಲಿ ಕಲ್ಲಾಗಿದೆಯಂತೆ. ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿ, ಆಗದಿದ್ದರೆ ಕೆಲಸ ಬಿಡು ಎಂದು ಡಾಕ್ಟರು ಹೇಳಿದ್ದಾರಂತೆ. “ಬಿಟ್ರ ಮತ್ತ ಮೆಣಸಿನಕಾಯಿ ಬಿಡಸಾಕ ಹೋಗೋದು. ಈ ಮಶೀನು ನನಗ ಭಾಳ ಸೇರ್ತೈತ್ರಿ. ನೀವೇ ಹೇಳ್ರಿ, ಏನು ಮಾಡ್ಲಿ?”

ಕೂಡಲೇ ಅರ್ಜಿ ಬರೆಯೋಣ ಅಂದೆ.

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಕರಡು ಓದಿದೆ. ‘ನಿಸರ್ಗಸಹಜವಾದ ದೇಹಬಾಧೆಯ ನಿವಾರಣಾರ್ಥವಾಗಿ’ ಎಂದು ಶುರುವಾಗಿ ಒಂದೂವರೆ ಪುಟ ಇತ್ತು. ಹುಸೇನ್‌ಬೀ ರೊಟ್ಟಿ ಮುರಿಯುತ್ತಾ ಕೇಳಿದಳು, “ಮದುವಿ ಮಂತ್ರ ಇದ್ದಂಗ ಐತ್ರಿ ಟೀಚರಮ್ಮ, ಭಾಳ ಚಂದ ಐತಿ. ಕಕ್ಕಸ ಅಂತ ಎಲ್ಲೈತಿ?” ಇರಲಿಲ್ಲ. ಇಪ್ಪತ್ತೇಳು ವರ್ಷ ಕನ್ನಡ ಕಲಿಸಿದವಳಿಗೆ ಆ ಒಂದು ಕನ್ನಡ ಶಬ್ದ ಬರೆಯಲು ನಾಚಿಕೆಯಾಗಿತ್ತು. ಒಂದೂವರೆ ಪುಟ ಹೊಡೆದುಹಾಕಿ ನಾಲ್ಕು ಸಾಲು ಉಳಿಸಿಕೊಂಡೆವು.

ಆಮೇಲೆ ಸಹಿಯ ಪ್ರಶ್ನೆ ಬಂತು. ಮೊದಲ ಸಹಿ ಯಾರದು?

ಇಲ್ಲಿ ನಿಮಗೆ ಸಿರುಗುಪ್ಪದ ನನ್ನ ನಾದಿನಿಯ ಮನೆಯ ಮದುವೆಯ ಸುದ್ದಿ ಹೇಳಲೇಬೇಕು. ಅವಳ ಮಗನ ಲಗ್ನಪತ್ರಿಕೆಯಲ್ಲಿ ‘ತಮ್ಮ ಸುಖಾಗಮನ ಬಯಸುವವರು’ ಎಂಬುದರ ಕೆಳಗೆ ಮೊದಲ ಹೆಸರು ಯಾರದಿರಬೇಕೆಂದು ಹದಿನೈದು ದಿನ ಜಗಳ ನಡೆಯಿತು. ದೊಡ್ಡಪ್ಪನದೋ, ಸೋದರಮಾವನದೋ? ಒಬ್ಬರ ಹೆಸರು ಮೂರನೆಯ ಸಾಲಿಗೆ ಇಳಿದದ್ದಕ್ಕೆ ಅವರು ಅಕ್ಷತೆ ಹಾಕಿ ಊಟ ಮಾಡದೆ ಹೋದರು. ಹೋಗುವಾಗ ತಮ್ಮ ಪಾಲಿನ ಹೋಳಿಗೆ ಕಟ್ಟಿಸಿಕೊಂಡು ಹೋದರು ಎಂಬುದು ಬೇರೆ ಮಾತು. ನಮ್ಮಲ್ಲಿ ಮೊದಲ ಹೆಸರಿಗಾಗಿ ಇಷ್ಟು ಕಾದಾಟ. ಅದೇ ಅರ್ಜಿಯಾದರೆ ಎಲ್ಲರಿಗೂ ಇದ್ದಕ್ಕಿದ್ದಂತೆ ವಿನಯ ಬಂದುಬಿಡುತ್ತದೆ. ‘ನೀವು ಹಿರಿಯರು, ನೀವು ಮೊದಲು ಮಾಡ್ರಿ’, ‘ನೀವು ಓದಿದವರು, ನೀವು ಮಾಡ್ರಿ’. ಮೊದಲು ಸಹಿ ಮಾಡಿದವರನ್ನೇ ಆಫೀಸಿಗೆ ಕರೆಸುತ್ತಾರೆ, ಮಾಲೀಕರು ಮೊದಲು ಅವರನ್ನೇ ಮನೆಗೆ ಕಳಿಸುತ್ತಾರೆ. ಮೇಲಾಗಿ ಕಕ್ಕಸಿನ ಅರ್ಜಿಯ ಮೇಲೆ ಮೊದಲ ಹೆಸರು ಎಂದರೆ ಬಂಧುಬಳಗದಲ್ಲಿ ಅಡ್ಡಹೆಸರೇ ಆಗಿಹೋಗುತ್ತದೆ. ಪೆನ್ನು ಹನ್ನೊಂದು ಕೈ ಸುತ್ತಿ ನನ್ನ ಹತ್ತಿರ ಬಂತು. ನಾನೂ ಅದನ್ನು ಗೌರವದಿಂದ ಹುಸೇನ್‌ಬೀಗೆ ಕೊಟ್ಟೆ.

ಹುಸೇನ್‌ಬೀ ನಮ್ಮನ್ನೆಲ್ಲ ನೋಡಿದಳು. ಅವರು ಊಟಕ್ಕೆ ಕೂಡುವುದು ದುಂಡಗೆ. ಬುತ್ತಿಗಳನ್ನು ನಡುವೆ ಇಟ್ಟು ಸುತ್ತ ಕೂತು ಉಣ್ಣುತ್ತಾರೆ. “ನಾವು ಹಿಂಗ ಕುಂತೀವಲ್ಲ, ಇದ್ರಾಗ ಮೊದಲನೇದಾಕಿ ಯಾರು, ಕಡೀಕಿ ಯಾರು? ಹೇಳ್ರಿ ನೋಡೋಣ,” ಅಂದಳು. ಅವಳು ತನ್ನ ತಾಟನ್ನು ಸೆರಗಿನಿಂದ ಒರೆಸಿ, ಪ್ಯಾಂಟು ಕತ್ತರಿಸುವ ಅಳತೆಯ ಖಾಕಿ ಕಾಗದವೊಂದರ ಮೇಲೆ ಬೋರಲು ಹಾಕಿ, ಸುತ್ತ ಪೆನ್ನಿನಿಂದ ಗೆರೆ ಎಳೆದಳು. “ಗೆರಿ ಹಿಡ್ಕೊಂಡು ಸುತ್ತ ಸಹಿ ಮಾಡ್ರಿ. ಆಫೀಸ್ನೋರು ಎಲ್ಲಿಂದ ಬೇಕಾದ್ರೂ ಓದಿಕೊಳ್ಳಲಿ.”

ಇಪ್ಪತ್ತೇಳು ವರ್ಷ ಮಕ್ಕಳಿಗೆ ಎಡಕ್ಕೆ ಮಾರ್ಜಿನ್ ಬಿಡಿ, ಸಾಲು ನೆಟ್ಟಗಿರಲಿ ಎಂದು ಬಡಿದುಕೊಂಡ ನಾನು ಬಾಯಿ ತೆರೆದುಕೊಂಡು ನೋಡಿದೆ. ಎಲ್ಲರೂ ಒಟ್ಟಿಗೇ ಬಗ್ಗಿ, ತಲೆಗೆ ತಲೆ ಡಿಕ್ಕಿ ಹೊಡೆದು, ಕಿಲಕಿಲ ನಗುತ್ತಾ ಒಂದೇ ನಿಮಿಷದಲ್ಲಿ ಸಹಿ ಮಾಡಿ ಮುಗಿಸಿದರು. ಎರಡು ಹೆಬ್ಬೆಟ್ಟೂ ಬಿದ್ದವು. ನನಗೂ ಒಂದಿಷ್ಟು ಜಾಗ ಬಿಟ್ಟಿದ್ದರು. ಮಾಡಿದೆ. ಅಳತೆ ಕಾಗದ ಮಡಚಿದರೆ ಹಸಿ ಇಂಕು ಹರಡುತ್ತದೆಂದು ಹುಸೇನ್‌ಬೀ ಅದನ್ನು ತಾಟಿನ ಮೇಲೆಯೇ ಇಟ್ಟು ಕಳಿಸಿದಳು. ಆಟೋದಲ್ಲಿ ನಾನು ಅದನ್ನು ಆರತಿ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದೆ.

ಮನೆಯಲ್ಲಿ ಕೂತು ಗೆರೆಯೊಳಗೆ ಅರ್ಜಿ ಬರೆದೆ. ಮೇಲಿನ ಸಾಲಿಗೆ ‘ಮಾನ್ಯರೇ’ ಅಷ್ಟೇ ಹಿಡಿಸಿತು. ನಡುವಿನ ಸಾಲುಗಳು ಉದ್ದ, ಕೆಳಗೆ ಬರುತ್ತಾ ಮತ್ತೆ ಗಿಡ್ಡ. ಬುಡದಲ್ಲಿ ‘ವಂದನೆಗಳು’ ಎಂಬುದಕ್ಕೆ ಜಾಗ ಸಾಲದೆ ‘ಗಳು’ ಗೆರೆ ದಾಟಿ ಯಾರದೋ ಹೆಬ್ಬೆಟ್ಟಿನ ಮೇಲೆ ಹೋಯಿತು. ನಡುವೆ ಶೇಂಗಾ ಚಟ್ನಿಯ ಎಣ್ಣೆಯ ಕಲೆ ಬೇರೆ. ನಮ್ಮ ಮನೆಯವರು ಭೂತಗನ್ನಡಿ ಹಿಡಿದು ನನ್ನ ಸಹಿಯನ್ನು ನೋಡಿದರು. “ಇದು ನಿನ್ನ ಸಹಿನೇ ಅಲ್ಲ. ನಮ್ಮ ಬ್ಯಾಂಕಿನಾಗ ಆಗಿದ್ರ ನಾನು ಪಾಸ್ ಮಾಡ್ತಿರಲಿಲ್ಲ,” ಅಂದರು. ಯಾರಿಗೂ ಗುರುತು ಹತ್ತಬಾರದೆಂದೇ ಹಾಗೆ ಗೀಚಿದ್ದೆ ಎಂದು ನಾನು ಹೇಳಲಿಲ್ಲ.

ಎರಡು ದಿನ ಬಿಟ್ಟು ಅರ್ಧ ದಿನ ರಜೆ ಹಾಕಿ ಹನ್ನೊಂದು ಜನ, ಜೊತೆಗೆ ನಾನು, ಎರಡು ಆಟೋದಲ್ಲಿ ಆಫೀಸಿಗೆ ಹೊರಟೆವು. ಯಾವ ಆಫೀಸು ಎಂದು ಹೇಳಲಾರೆ. ಹೇಳಿದರೆ ನಿಮಗೂ ಅರ್ಜಿ ಬರೆಯುವ ಆಸೆ ಹುಟ್ಟಬಹುದು. ಆಟೋದವನು, “ಎಲ್ಲಾರೂ ಯಾವ ಕಡಿ ಹೊಂಟೀರಿ, ಮದುವೀನಾ?” ಎಂದು ಕೇಳಿದ. ಯಾರೂ ಆ ಶಬ್ದ ಹೇಳಲು ಒಲ್ಲರು. “ಕರಿಬೇವು ತರಾಕ,” ಅಂದಳು ಶೇಕಮ್ಮ. ಆ ನಗು ಆಫೀಸಿನ ಮೆಟ್ಟಿಲ ತನಕ ನಿಲ್ಲಲಿಲ್ಲ.

ಗುಮಾಸ್ತರು ಕಾಗದವನ್ನು ಕೈಗೆ ತೆಗೆದುಕೊಂಡರು. ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ತಲೆ ಓರೆ ಮಾಡಿದರು. ಕಡೆಗೆ ಕಾಗದವನ್ನು ಮೇಜಿನ ಮೇಲೆ ಹರಡಿ ತಾವೇ ಎದ್ದು ಅದರ ಸುತ್ತ ಒಂದು ಪ್ರದಕ್ಷಿಣೆ ಬಂದರು. ಸಹಿ ಓದಿ ಮುಗಿಸಿ, ಕುರ್ಚಿಗೆ ಬಂದು ಕೂತು, ಸಮಾಧಾನದಿಂದಲೇ ಹೇಳಿದರು. “ನೋಡ್ರಿ ತಾಯಿ, ಅದಕ್ಕ ಕೀಲಿ ಹಾಕಿದ್ದು ಸುಮ್ಮನ ಅಲ್ಲ. ತೆಗೆದಿಟ್ರ ಎಲ್ಲಾರೂ ಹೋಗಿ ಗಲೀಜು ಮಾಡ್ತಾರ. ಸ್ವಚ್ಛ ಇರ್ಲಿ ಅಂತನ ಹಾಕೇವಿ.”

ನಾನು ಅಧಿಕಾರಶಾಹಿಯ ಬಗ್ಗೆ ಒಂದು ಕಟುವಾದ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಶೇಕಮ್ಮ ನಗತೊಡಗಿದಳು. “ಈ ಮಾತು ನನಗ ಹೊಸದಲ್ರಿ ಸರ್. ಇದನ್ನ ನಾನು ಮೊದಲು ಕೇಳಿದ್ದು ನಮ್ಮ ಟೀಚರ್ ಬಾಯಾಗ.”

ನಾನು ಜೋಡಿಸುತ್ತಿದ್ದ ವಾಕ್ಯವನ್ನು ಅಲ್ಲೇ ಬಿಟ್ಟೆ. ನಮ್ಮ ಸಾಲೆಯಲ್ಲಿ ಹುಡುಗಿಯರ ಕಕ್ಕಸಿಗೆ ಬೀಗ ಹಾಕಿ, ಕೀಲಿಯನ್ನು ಸ್ಟಾಫ್ ರೂಮಿನ ಮೊಳೆಗೆ ತೂಗುಹಾಕಿದ್ದೆವು. ಮೂವರು ಟೀಚರಮ್ಮಂದಿರು ಮಾತ್ರ ಬಳಸುತ್ತಿದ್ದೆವು. ಹುಡುಗಿಯರು ಕೇಳಿದರೆ, ‘ನೀವು ಗಲೀಜು ಮಾಡ್ತೀರಿ’ ಎಂದು ಗದರಿಸಿ ಕಳಿಸುತ್ತಿದ್ದೆವು. ಒಂದು ವರ್ಷ ನಾನು ‘ನಾನು ಊರಿನ ಅಧ್ಯಕ್ಷೆಯಾದರೆ’ ಎಂದು ಪ್ರಬಂಧ ಬರೆಸಿದ್ದೆ. ಎಲ್ಲರೂ ರಸ್ತೆ, ದೀಪ, ಉದ್ಯಾನ ಎಂದು ಎರಡೆರಡು ಪುಟ ಬರೆದರು. ಒಬ್ಬಳು ಮಾತ್ರ ಒಂದೇ ಸಾಲು ಬರೆದಿದ್ದಳು, ‘ನಾನು ಅಧ್ಯಕ್ಷೆ ಆದರೆ ಸಾಲಿ ಕಕ್ಕಸದ ಕೀಲಿ ತೆಗೆಸುತ್ತೇನೆ.’ ಅದರ ಮೇಲೆ ಕೆಂಪು ಮಸಿಯಲ್ಲಿ ‘ವಿಷಯಾಂತರ’ ಎಂದು ಬರೆದು ಸೊನ್ನೆ ಹಾಕಿದ್ದೆ. ಇಷ್ಟು ವರ್ಷ ಮರೆತೇಬಿಟ್ಟಿದ್ದೆ. ಸೊನ್ನೆ ಕೊಟ್ಟವರಿಗೆ ಮರೆಯುತ್ತದೆ, ಪಡೆದವರಿಗೆ ಮರೆಯುವುದಿಲ್ಲ.

“ಹತ್ತಕ್ಕ ಸೊನ್ನಿ ಕೊಟ್ಟಿದ್ರು,” ಎಂದು ಶೇಕಮ್ಮ ಎಲ್ಲರಿಗೂ ಹೇಳಿದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಗುಮಾಸ್ತರು ನಮ್ಮ ಗಲಾಟೆಗೆ ಕಂಗಾಲಾಗಿ ಕಂಪ್ಯೂಟರಿನ ಕಡೆ ತಿರುಗಿದರು. “ಆತು, ಅರ್ಜಿ ಹತ್ತಿಸ್ಕೊಂತೀನಿ. ಅರ್ಜಿದಾರರ ಹೆಸರು ಹೇಳ್ರಿ. ಒಂದೇ ಹೆಸರು. ಇದ್ರಾಗ ದುಂಡಗ ಬರಿಯಾಕ ಬರಂಗಿಲ್ಲ.”

ಹುಸೇನ್‌ಬೀಯ ತಾಟು ಅಷ್ಟು ಜಾಣತನದಿಂದ ತಪ್ಪಿಸಿದ್ದ ಪ್ರಶ್ನೆ ಮತ್ತೆ ಬಂದು ಎದುರಿಗೆ ನಿಂತಿತ್ತು. ಹನ್ನೊಂದು ಮುಖಗಳೂ ನನ್ನ ಕಡೆ ತಿರುಗಿದವು. ಕ್ಲಾಸಿನಲ್ಲಿ ‘ಯಾರು ಮಾಡಿದ್ದು, ಎದ್ದು ನಿಲ್ಲಿ’ ಎಂದು ನಾನು ಹುಡುಗಿಯರನ್ನು ಹೀಗೇ ನೋಡುತ್ತಿದ್ದೆ. ಎದ್ದು ನಿಲ್ಲೋಣವೆಂದರೆ ನಾನು ಮೊದಲೇ ನಿಂತಿದ್ದೆ. ಇನ್ನು ಬಾಯಿ ಬಿಡುವುದೊಂದೇ ಉಳಿದಿತ್ತು. ಇನಿಷಿಯಲ್ ಸಮೇತ ನನ್ನ ಪೂರ್ತಿ ಹೆಸರನ್ನು ದೊಡ್ಡ ದನಿಯಲ್ಲಿ ಹೇಳಿದೆ. ಜೀವನದಲ್ಲಿ ಮೊದಲ ಸಲ ಎದೆ ಉಬ್ಬಿತು.

“ನೀವು ಅಲ್ಲಿ ಕೆಲಸ ಮಾಡ್ತೀರೇನ್ರಿ ಅಮ್ಮಾರ?”

“ಇಲ್ಲ.”

“ಆ ಓಣ್ಯಾಗ ಮನಿ ಐತೇನ್ರಿ?”

“ಪಾರ್ವತಿನಗರ.”

“ಹಂಗಾದ್ರ ಆಗಂಗಿಲ್ರಿ. ಅದನ್ನ ಬಳಸೋರೇ ಹೆಸರು ಕೊಡಬೇಕು,” ಎಂದು ಅವರು ನನ್ನ ವೀರತನವನ್ನು ಒಂದು ಗುಂಡಿ ಒತ್ತಿ ಅಳಿಸಿದರು.

“ಶೇಕಮ್ಮ ಅಂತ ಬರ್ಕೊಳ್ರಿ,” ಎಂದು ಹಿಂದಿನಿಂದ ಕೇಳಿಸಿತು.

ಅವಳು ಮುಂದೆ ಬಂದು ಮೇಜಿಗೆ ಕೈಯೂರಿ ನಿಂತಿದ್ದಳು. ಮೊಬೈಲ್ ನಂಬರು ಕೇಳಿದರು. ಮನೆಯಲ್ಲಿರುವುದು ಒಂದೇ ಫೋನು, ಅದು ಗಂಡನ ಕೈಯಲ್ಲಿ. ‘ನಿಮ್ಮ ಶೌಚಾಲಯದ ಅರ್ಜಿ ಸ್ವೀಕರಿಸಲಾಗಿದೆ’ ಎಂಬ ಮೆಸೇಜು ಕುರುಗೋಡಿನ ಚಹಾದಂಗಡಿಯಲ್ಲಿ ನಾಲ್ಕು ಜನರ ನಡುವೆ ಟಣ್ ಎನ್ನುತ್ತದೆ. ಆದರೂ ಶೇಕಮ್ಮ ನಂಬರು ಹೇಳಿದಳು, ಒಂದೊಂದೇ ಅಂಕಿಯನ್ನು ಬಿಡಿಸಿ. “ಓದ್ಲಿ. ಹೆಂಗೂ ಅವ್ರೂ ನೀರು ಕುಡಿದು ಕಡಿಗೆ ಅಲ್ಲಿಗೇ ಹೋಗೋದು.” ನನಗೆ ಆ ಹುಡುಗಿಯ ಕಾಲು ಮುಟ್ಟಬೇಕು ಅನ್ನಿಸಿತು.

ಗದ್ದಲ ಕೇಳಿ ಒಳಗಿನಿಂದ ಸಾಹೇಬರು ಬಂದರು. ಸಂಗತಿ ಕೇಳಿ, ನಗದೆ, “ಕೀಲಿ ಎಲ್ಲೈತ್ರಿ?” ಎಂದು ಗುಮಾಸ್ತರನ್ನು ಕೇಳಿದರು. ಅಲ್ಲಿಂದ ಮುಂದೆ ಮುಕ್ಕಾಲು ಗಂಟೆ ನಡೆದದ್ದು ಜಾತ್ರೆ. ಹನ್ನೆರಡು ಹೆಂಗಸರು, ನಾಲ್ಕು ನೌಕರರು, ಎಲ್ಲರೂ ಸೇರಿ ಕಪಾಟು, ಡ್ರಾ, ಫೈಲಿನ ಗಂಟು ಎಲ್ಲವನ್ನೂ ತಡಕಿದೆವು. ಕಡೆಗೆ ಹುಸೇನ್‌ಬೀಯೇ ಗೋಡೆಯ ಮೇಲಿನ ದೇವರ ಪಟದ ಕಡೆ ಬೆರಳು ತೋರಿಸಿದಳು. ಪಟದ ಕೆಳಗಿನ ಹಲಗೆಯ ಮೇಲೆ, ಆಯುಧಪೂಜೆಗೆ ಇಟ್ಟ ಕತ್ತರಿ, ಪಂಚಿಂಗ್ ಮಶೀನುಗಳ ನಡುವೆ, ಮೈತುಂಬಾ ಕುಂಕುಮ ಹಚ್ಚಿಸಿಕೊಂಡು ನಮ್ಮ ಕೀಲಿ ಕೂತಿತ್ತು. ವರ್ಷಾ ವರ್ಷಾ ಪೂಜೆ ಮಾತ್ರ ತಪ್ಪದೆ ಆಗಿತ್ತು. ಗುಮಾಸ್ತರು ಅದನ್ನು ಒರೆಸಿ ಕೊಟ್ಟು, ಪುಸ್ತಕದಲ್ಲಿ ‘ಪಡೆದವರು’ ಎಂಬಲ್ಲಿ ಶೇಕಮ್ಮನ ಸಹಿ ತೆಗೆದುಕೊಂಡರು. ಈ ಸಲ ನೆಟ್ಟಗಿನ ಸಾಲಿನಲ್ಲಿ ಒಂದೇ ಹೆಸರು.

ವರ್ಕ್‌ಶಾಪಿನ ಬಾಗಿಲಲ್ಲಿ ಮಾಲೀಕರು ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. “ಯಾರ ಹೆಸರು ಕೊಟ್ಟು ಬಂದ್ರಿ?” “ನನ್ನದ್ರಿ,” ಅಂದಳು ಶೇಕಮ್ಮ. ಅವರು ಅವಳನ್ನೂ ಅವಳ ಕೈಯಲ್ಲಿದ್ದ ಕೀಲಿಯನ್ನೂ ನೋಡಿದರು. “ಮತ್ತ ಗಂಡಸರದ್ದು ಯಾವಾಗ ತೆಗಸ್ತೀರಿ?” ಅಂದರು.

ಬೀಗ ಸುಲಭಕ್ಕೆ ತೆಗೆಯಲಿಲ್ಲ. ಮಶೀನಿನ ಎಣ್ಣೆ ಬಿಟ್ಟು ತೆಗೆದೆವು. ಒಳಗೆ ಜೇಡರ ಬಲೆ, ಧೂಳು. ನಲ್ಲಿ ಮೊದಲು ಕೆಮ್ಮಿತು, ಆಮೇಲೆ ಕೆಂಪು ನೀರು ಬಿಟ್ಟಿತು, ಆಮೇಲೆ ತಿಳಿ ನೀರು ಬಂತು. ನಾನೂ ಸೀರೆ ಎತ್ತಿಕಟ್ಟಿ ಕಸಬರಿಗೆ ಹಿಡಿದೆ. ಗಲೀಜು ಮಾಡ್ತೀರಿ ಎಂದು ನಾನು ಗದರಿಸಿ ಕಳಿಸಿದ್ದ ಹುಡುಗಿ ಜೊತೆಯವರೊಂದಿಗೆ ನನ್ನ ಪಕ್ಕದಲ್ಲಿ ನೆಲ ತಿಕ್ಕುತ್ತಿದ್ದಳು. ನನ್ನ ಕಸಬರಿಗೆಯ ಕೆಲಸ ಅವರಿಗೆ ಸಾಕಾಗಲಿಲ್ಲ, ಇನ್ನೊಮ್ಮೆ ಗುಡಿಸಿದರು.

ಮಶೀನುಗಳು ಮತ್ತೆ ಶುರುವಾಗುವ ಹೊತ್ತಿಗೆ ಮಧ್ಯಾಹ್ನ ಎರಡೂವರೆ. ತಗಡು ಕಾದು ಕೆಂಡವಾಗಿತ್ತು. ಶೇಕಮ್ಮ ತನ್ನ ಜಾಗದಲ್ಲಿ ಕೂತು ಜೇಬೊಂದನ್ನು ಸೂಜಿಯ ಕೆಳಗೆ ಇಟ್ಟಳು. ಹುಸೇನ್‌ಬೀ ಮಡಕೆಯಿಂದ ಒಂದು ಚೊಂಬು ನೀರು ತಂದು ಅವಳ ಮುಂದೆ ಹಿಡಿದಳು. ಶೇಕಮ್ಮ ರೂಢಿಯಂತೆ ತಲೆ ಅಲ್ಲಾಡಿಸಿ ಬೇಡ ಅಂದಳು. ಆಮೇಲೆ ನೆನಪಾಯಿತು. ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಮೇಲೆತ್ತಿ, ಗಟಗಟ ಕುಡಿದಳು. ನಡುವೆ ನಿಲ್ಲಿಸಲಿಲ್ಲ. ಕುಡಿದು ಮುಗಿಸಿ ಖಾಲಿ ಚೊಂಬನ್ನು ಹುಸೇನ್‌ಬೀಯ ಕಡೆ ಚಾಚಿದಳು.

“ಇನ್ನಷ್ಟು ಅದಾವೇನ್ರಿ?”